‘ಮಂಞ’ ಎಂದರೆ ಅರಸಿನ ಎಂದು ಅಮ್ಮ ತಿಳಿದರು: ಹೆರಿಗೆ ವಾರ್ಡಿನಲ್ಲಿ ಹೇಳುವುದು ನಮ್ಮವರಿಗೆ ತಲುಪುತ್ತಿದೆಯೇ?

ಪೆರ್ಲದ ಅಕ್ಕ

ಕಳೆದ ತಿಂಗಳು ನನ್ನ ತಂಗಿಗೆ ಹೆರಿಗೆಯಾಯಿತು. ಗಂಡನ ಮನೆ ಗಡಿಯಾಚೆ ಕರ್ನಾಟಕದ ವಿಟ್ಲದ ಕಡೆ. ಚೊಚ್ಚಲ ಬಸುರಿಯಾದ್ದರಿಂದ ಪೆರ್ಲದ ಒಳಗಿನ ನಮ್ಮ ತವರಿಗೆ ಬಂದಿದ್ದಳು. ಕೇರಳದ ನಮ್ಮ ಕಾಸರಗೋಡು ಜಿಲ್ಲೆಯ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ಸಹಜ ಹೆರಿಗೆ. 37ನೇ ವಾರ, ಗಂಡು ಮಗು, 2.6 ಕಿಲೋ. ವಾರ್ಡು ಶುಚಿಯಾಗಿತ್ತು, ಡಾಕ್ಟರು ಸಮಾಧಾನದಿಂದ ನೋಡಿದರು, ಯಾರೂ ಒಂದು ರೂಪಾಯಿ ಕೇಳಲಿಲ್ಲ. ಮುಂದೆ ಬರೆಯುವುದು ದೂರಿನಂತೆ ಕಾಣಬಹುದು, ಆದ್ದರಿಂದ ಇದನ್ನು ಮೊದಲೇ ಹೇಳಿಬಿಡುತ್ತೇನೆ.

ತಂಗಿಯ ಜೊತೆ ಬೈಸ್ಟಾಂಡರ್ ಆಗಿ ನಿಂತವರು ನಮ್ಮ ಅಮ್ಮ. ಅಮ್ಮನಿಗೆ ತುಳು ಮತ್ತು ಕನ್ನಡ ಬಿಟ್ಟರೆ ಬಸ್ಸಿನಲ್ಲಿ, ಅಂಗಡಿಯಲ್ಲಿ ಬೇಕಾಗುವಷ್ಟು ಮಲಯಾಳ ಮಾತ್ರ ಗೊತ್ತು. ಎರಡನೆಯ ದಿನ ರಾತ್ರಿ ಸಿಸ್ಟರ್ ಬಂದು ಮಗುವಿನ ಎದೆಯ ಮೇಲೆ ಬೆರಳೊತ್ತಿ ನೋಡಿ ‘ಕುಂಞಿನ್ ಮಂಞ ಉಂಡ್’ ಎಂದರಂತೆ. ಮಲಯಾಳದಲ್ಲಿ ಅದಕ್ಕೆ ಮಗುವಿಗೆ ಹಳದಿ, ಅಂದರೆ ಕಾಮಾಲೆ, ಇದೆ ಎಂದು ಅರ್ಥ. ತುಳುವಿನಲ್ಲಿ ಅರಸಿನಕ್ಕೆ ನಾವು ಮಂಜಲ್ ಎನ್ನುತ್ತೇವೆ. ಮಗುವಿನ ಮೈಗೆ ಅರಸಿನ ಹಚ್ಚಿದ್ದೀರಾ ಎಂದು ಕೇಳುತ್ತಿದ್ದಾರೆಂದು ಅಮ್ಮ ತಿಳಿದರು. ಏನನ್ನೂ ಹಚ್ಚಬಾರದೆಂದು ಮೊದಲೇ ಹೇಳಿದ್ದರು, ಹಾಗಾಗಿ ಹೆದರಿ ‘ಇಲ್ಲ, ಇಲ್ಲ’ ಎಂದು ತಲೆಯಾಡಿಸಿದರು. ಸಿಸ್ಟರ್ ಇನ್ನೂ ಏನೋ ಹೇಳಿ ಪಕ್ಕದ ಮಂಚಕ್ಕೆ ಹೋದರು. ಮರುದಿನ ಡಿಸ್ಚಾರ್ಜ್. ಎರಡು ದಿನ ಬಿಟ್ಟು ಮರಳಿ ಬರಬೇಕೆಂದು ಚೀಟಿಯಲ್ಲಿ ಬರೆದಿತ್ತು. ತಂಗಿಯ ಹೊಲಿಗೆ ನೋಡುವುದಕ್ಕೆ ಎಂದುಕೊಂಡು, ನೋವಿಲ್ಲದಿರುವಾಗ ಅಷ್ಟು ದೂರ ಜೀಪು ಮಾಡಿಕೊಂಡು ಹೋಗುವುದೇಕೆ ಎಂದು ಮನೆಯವರು ಸುಮ್ಮನಾದರು.

ಆರನೆಯ ದಿನ ನಾನು ಹೋದೆ. ‘ಚಿನ್ನದಂಥ ಮಗು, ಅಳುವುದೇ ಇಲ್ಲ, ಹಾಲಿಗೂ ನಾವೇ ಎಬ್ಬಿಸಬೇಕು’ ಎಂದು ಅಮ್ಮ ಹೆಮ್ಮೆಯಿಂದ ಹೇಳಿದರು. ತೊಟ್ಟಿಲಿನಿಂದ ಎತ್ತಿ ಜಗಲಿಯ ಬೆಳಕಿಗೆ ತಂದೆ. ಅಂಗಾಲು ಹಳದಿಯಾಗಿತ್ತು. ಸಂಜೆಯೊಳಗೆ ರಕ್ತಪರೀಕ್ಷೆ ಮಾಡಿ ನೀಲಿ ಬೆಳಕಿನ ಕೆಳಗೆ ಮಲಗಿಸಿದರು. ಮೂರು ದಿನ. ಈಗ ಮಗು ಚೆನ್ನಾಗಿದೆ. ಆದರೆ ಅಮ್ಮ ಅಂದಿನಿಂದ ನಿದ್ದೆಯಿಂದ ಎದ್ದು ಕುಳಿತು ‘ನಾನು ತಲೆಯಾಡಿಸಿಬಿಟ್ಟೆ’ ಎನ್ನುತ್ತಾರೆ.

ನಮ್ಮ ಎಣ್ಮಕಜೆ, ಪೈವಳಿಕೆ, ಬೆಳ್ಳೂರು, ವರ್ಕಾಡಿ ಕಡೆಯಿಂದ ಹೆರಿಗೆಗೆ ಹೋಗುವ ಎಷ್ಟು ಮನೆಗಳಲ್ಲಿ ಹೀಗಾಗಿರಬಹುದು? ಮನೆಗೆ ಹೋದ ಮೇಲೆ ಏನನ್ನು ಗಮನಿಸಬೇಕು ಎಂಬ ಒಂದು ಹಾಳೆಯನ್ನಾದರೂ ಕನ್ನಡದಲ್ಲಿ ಕೊಡುವಂತೆ ಮಾಡಬಹುದೇ? ತಿಳಿದವರು ಹೇಳಿ.

ನಿವೃತ್ತ ಸಿಸ್ಟರ್

ಅಕ್ಕಾ, ನಿಮ್ಮ ಅಮ್ಮನ ತಪ್ಪು ಇದರಲ್ಲಿ ಏನೂ ಇಲ್ಲ. ನಾನು ಬಹಳ ವರ್ಷ ಹೆರಿಗೆ ವಾರ್ಡಿನಲ್ಲಿ ದುಡಿದವಳು. ಊರು ತೆಂಕಣ ಕೇರಳ. ಇಲ್ಲಿಗೆ ವರ್ಗವಾಗಿ ಬಂದಾಗ ಕನ್ನಡದ ಒಂದು ಅಕ್ಷರವೂ ತಿಳಿಯದು. ವಾರ್ಡು ಗುಡಿಸುತ್ತಿದ್ದ ಅಮ್ಮನವರೇ ನನಗೆ ಕಲಿಸಿದರು. ‘ಮೊಲೆ ಹಿಡಿಯುತ್ತದೆಯಾ’, ‘ಉಚ್ಚೆ ಹೊಯ್ದಿತಾ’, ‘ಕಪ್ಪು ಹೇಲು ಹೋಯಿತಾ’ ಎಂಬ ಮೂರು ಮಾತು ಬಂದ ದಿನದಿಂದ ನನ್ನ ಕೆಲಸವೇ ಬದಲಾಯಿತು. ರಾತ್ರಿ ಪಾಳಿಯಲ್ಲಿ ಒಬ್ಬ ಸಿಸ್ಟರ್, ಅಷ್ಟೂ ಮಂಚಗಳು, ಒಳಗೆ ಹೆರಿಗೆ ಕೋಣೆಯಲ್ಲಿ ಇನ್ನೊಬ್ಬಳು ನರಳುತ್ತಿರುತ್ತಾಳೆ. ಕೇಳಿದ್ದಕ್ಕೆ ತಲೆಯಾಡಿಸಿದರೆ ತಿಳಿಯಿತು ಎಂದೇ ಎಣಿಸಿ ಮುಂದೆ ಹೋಗುತ್ತೇವೆ. ಅದು ನಮ್ಮ ತಪ್ಪು.

ಮಗು ಹುಟ್ಟಿದ ಮೊದಲ ಗಂಟೆಯಲ್ಲಿ ಏನೇನು ಆಗುತ್ತದೆ ಎಂದು ಗೊತ್ತಿದ್ದರೆ ಜೊತೆಗಿರುವವರು ಧೈರ್ಯವಾಗಿ ಕೇಳಬಹುದು. ಒರೆಸಿ, ಬೆಚ್ಚಗೆ ತಾಯಿಯ ಬರಿಮೈಯ ಮೇಲೆ ಮಲಗಿಸುತ್ತಾರೆ. ಅಳದ ಮಗುವಿಗೆ ಮೊದಲ ಒಂದು ನಿಮಿಷದೊಳಗೆ ಉಸಿರು ಕೊಡಲು ತೊಡಗಬೇಕು, ಅದಕ್ಕೆ ಹೆರಿಗೆ ಕೋಣೆಯಲ್ಲೇ ಒಂದು ಮೂಲೆ ಸಜ್ಜಾಗಿರುತ್ತದೆ. ಉಸಿರಾಟ ಸರಿಯಿದ್ದರೆ ಒಂದರಿಂದ ಮೂರು ನಿಮಿಷ ಕಾದು ಹೊಕ್ಕುಳ ಬಳ್ಳಿಯನ್ನು ಕತ್ತರಿಸುತ್ತಾರೆ, ಆ ಹೊತ್ತಿನಲ್ಲಿ ಮಗುವಿಗೆ ರಕ್ತ ಹರಿದುಬರುತ್ತದೆ. ಒಂದು ಗಂಟೆಯೊಳಗೆ ಮೊದಲ ಹಾಲು, ಆ ಹಳದಿ ಗಿಣ್ಣುಹಾಲು, ಮಗುವಿನ ಬಾಯಿಗೆ ಹೋಗಬೇಕು. ಅದನ್ನು ಹಿಂಡಿ ಚೆಲ್ಲಿದ ಅಜ್ಜಿಯರನ್ನು ನಾನು ಕಣ್ಣಾರೆ ಕಂಡಿದ್ದೇನೆ, ಇಂದಿಗೂ ಎದೆ ಉರಿಯುತ್ತದೆ. ತೊಡೆಗೆ ಒಂದು ಸಣ್ಣ ಚುಚ್ಚುಮದ್ದು ಕೊಡುತ್ತಾರೆ. ಅದು ವಿಟಮಿನ್ ಕೆ, ಒಳಗೆ ರಕ್ತಸ್ರಾವವಾಗದಂತೆ. ಮತ್ತೆ ಬಿಸಿಜಿ, ಪೋಲಿಯೊ ಹನಿ, 24 ಗಂಟೆಯೊಳಗೆ ಹೆಪಟೈಟಿಸ್ ಬಿ. ಇವು ಆಗಿವೆಯೇ ಎಂದು ಕೇಳುವುದು ನಿಮ್ಮ ಹಕ್ಕು.

ಶಿಶುವೈದ್ಯ, ಮಂಗಳೂರು

ಕಾಸರಗೋಡಿನಿಂದ ಬರುವ ಮಕ್ಕಳನ್ನು ವಾರವಿಡೀ ನೋಡುತ್ತೇನೆ, ಆದ್ದರಿಂದ ಈ ಚರ್ಚೆ ನನ್ನದೂ ಹೌದು.

ದಿನ ತುಂಬಿ ಹುಟ್ಟಿದ ಮಕ್ಕಳಲ್ಲೂ ಅರ್ಧಕ್ಕಿಂತ ಹೆಚ್ಚು ಮಂದಿಗೆ ಕಾಮಾಲೆ ಕಾಣಿಸಿಕೊಳ್ಳುತ್ತದೆ. ಹೊಟ್ಟೆಯೊಳಗಿದ್ದಾಗ ಇದ್ದ ಹೆಚ್ಚುವರಿ ಕೆಂಪು ರಕ್ತಕಣಗಳು ಒಡೆಯುತ್ತವೆ, ಅದರಿಂದ ಬಿಲಿರುಬಿನ್ ಎಂಬ ಹಳದಿ ವಸ್ತು ಹುಟ್ಟುತ್ತದೆ, ಎಳೆಯ ಪಿತ್ತಜನಕಾಂಗಕ್ಕೆ ಅದನ್ನು ಹೊರಹಾಕುವ ಶಕ್ತಿ ಇನ್ನೂ ಬಂದಿರುವುದಿಲ್ಲ. ಸಾಮಾನ್ಯವಾಗಿ ಎರಡನೆಯ ಅಥವಾ ಮೂರನೆಯ ದಿನ ಶುರುವಾಗಿ ಐದನೆಯ ದಿನದ ಹೊತ್ತಿಗೆ ಏರಿ ತಾನಾಗಿ ಇಳಿಯುತ್ತದೆ. ಇಲ್ಲಿರುವ ಕಷ್ಟವನ್ನು ಗಮನಿಸಿ. ಮನೆಗೆ ಕಳುಹಿಸುವುದು ಎರಡು ಮೂರನೆಯ ದಿನಕ್ಕೆ, ಕಾಮಾಲೆ ಏರುವುದು ಅದರ ನಂತರ. ಹಾಗಾಗಿ ಏರುವ ಹೊತ್ತಿನಲ್ಲಿ ಮಗುವನ್ನು ನೋಡುವ ಕಣ್ಣುಗಳು ಡಾಕ್ಟರದಲ್ಲ, ಮನೆಯವರದು. ನಿಮ್ಮ ಚೀಟಿಯ ಆ ‘ಎರಡು ದಿನ ಬಿಟ್ಟು’ ಎಂಬ ಮಾತಿನ ಬೆಲೆ ಅಷ್ಟು.

ಬಿಲಿರುಬಿನ್ ಮಿತಿ ಮೀರಿದರೆ ಮಿದುಳನ್ನು ಸೇರುತ್ತದೆ. ಕಿವುಡುತನ, ಕೈಕಾಲು ಬಿಗಿಯುವ ಶಾಶ್ವತ ಊನ ಬರಬಹುದು. 37ನೇ ವಾರದಲ್ಲಿ ಹುಟ್ಟಿದ ಮಗು ಹೆಸರಿಗೆ ದಿನ ತುಂಬಿದ್ದಾದರೂ 40 ವಾರದ ಮಗುವಿಗಿಂತ ಅಪಾಯ ಹೆಚ್ಚು. ಹಾಲು ಕಡಿಮೆ ಕುಡಿದರೆ ಮಲ ಕಡಿಮೆ ಹೋಗುತ್ತದೆ, ಮಲ ಹೋಗದಿದ್ದರೆ ಹಳದಿ ಒಳಗೇ ಉಳಿಯುತ್ತದೆ. ಹಳದಿ ಹೆಚ್ಚಿದಂತೆ ಮಗು ಮಂಪರಿಗೆ ಹೋಗಿ ಇನ್ನೂ ಕಡಿಮೆ ಕುಡಿಯುತ್ತದೆ. ‘ಅಳುವುದೇ ಇಲ್ಲ’ ಎಂಬುದು ಆ ಸುಳಿಯ ಗುರುತು.

ಒಂದು ಪ್ರಶ್ನೆ. ಮಗುವಿನ ಬಟ್ಟೆಗಳನ್ನು ಪೆಟ್ಟಿಗೆಯಲ್ಲಿ ನ್ಯಾಫ್ತಲೀನ್ ಗುಳಿಗೆ ಹಾಕಿ ಇಟ್ಟಿದ್ದಿರಾ?

ಪೆರ್ಲದ ಅಕ್ಕ

ಹೌದು ಡಾಕ್ಟರೇ. ನನ್ನ ಮಕ್ಕಳ ತೊಟ್ಟಿಲ ಬಟ್ಟೆಗಳನ್ನೇ ಅಮ್ಮ ಜೋಪಾನ ಮಾಡಿದ್ದರು. ಗುಳಿಗೆಯ ವಾಸನೆ ಹಾಗೇ ಇತ್ತು. ಏಕೆ ಕೇಳಿದಿರಿ?

ಶಿಶುವೈದ್ಯ, ಮಂಗಳೂರು

ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವ ಮಕ್ಕಳಿದ್ದಾರೆ. ಗಂಡುಮಕ್ಕಳಲ್ಲಿ ಹೆಚ್ಚು. ಅಂಥವರಿಗೆ ಆ ಗುಳಿಗೆಯ ಆವಿ ತಾಗಿದರೆ ಸಾಕು, ರಕ್ತಕಣಗಳು ರಾಶಿಯಾಗಿ ಒಡೆದು ಕಾಮಾಲೆ ಒಂದೇ ದಿನದಲ್ಲಿ ಏರಿಬಿಡುತ್ತದೆ. ಕೇರಳದ ಸರ್ಕಾರಿ ಆಸ್ಪತ್ರೆಗಳಲ್ಲಿ ಶಲಭಂ ಯೋಜನೆಯಡಿ ನವಜಾತ ಶಿಶುಗಳ ರಕ್ತವನ್ನು ಈ ಕೊರತೆಗೂ, ಹುಟ್ಟಿನಿಂದಲೇ ಬರುವ ಥೈರಾಯ್ಡ್ ಕೊರತೆ ಮೊದಲಾದವಕ್ಕೂ ಪರೀಕ್ಷಿಸುತ್ತಾರೆ. ಕಿವಿ ಮತ್ತು ಹೃದಯದ ತಪಾಸಣೆಯೂ ಅದರಲ್ಲಿದೆ. ಫಲಿತಾಂಶ ಕೇಳಿ ಪಡೆಯಿರಿ. ಬಟ್ಟೆಗಳನ್ನು ಒಗೆದು ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿ. ಆ ಗುಳಿಗೆ ಇಟ್ಟ ಬಟ್ಟೆ ಎಳೆಯ ಮಗುವಿನ ಹತ್ತಿರಕ್ಕೇ ಬೇಡ.

ಪೆರ್ಲದ ಅಕ್ಕ

ಈಗಲೇ ಫೋನ್ ಮಾಡಿ ಹೇಳಿದೆ. ಕಾಮಾಲೆಗೆ ಸೇರಿಸಿದಾಗ ಆ ಪರೀಕ್ಷೆಯೂ ಆಗಿತ್ತಂತೆ, ಕೊರತೆ ಇಲ್ಲ ಎಂದು ಬಂದಿದೆ. ಆದರೂ ಅಮ್ಮ ಪೆಟ್ಟಿಗೆಯನ್ನು ಅಂಗಳಕ್ಕೆ ತಂದು ಬಿಡಿಸುತ್ತಿದ್ದಾರೆ.

ಬದಿಯಡ್ಕದ ಅಜ್ಜಿ

ನನ್ನ ಮೊಮ್ಮಗಳು ಬರೆದುಕೊಡುತ್ತಿದ್ದಾಳೆ. ನಾನು ಹನ್ನೆರಡು ಬಾಣಂತನ ಮಾಡಿದವಳು. ನಮ್ಮ ಕಾಲದಲ್ಲಿ ಮಗುವಿಗೆ ಹಳದಿ ಕಂಡರೆ ಎಳೆಬಿಸಿಲಿಗೆ ಹಿಡಿಯುತ್ತಿದ್ದೆವು, ವಾಸಿಯಾಗುತ್ತಿತ್ತು. ಎಣ್ಣೆ ಹಚ್ಚಿ ಬಿಸಿನೀರು ಎರೆಯುವುದು, ಬಜೆ ತೇದು ನಾಲಗೆಗೆ ಸವರುವುದು, ಇದೆಲ್ಲ ಈಗ ತಪ್ಪೆನ್ನುತ್ತಾರೆ. ಹಾಗಾದರೆ ನಾವು ಬೆಳೆಸಿದ ಮಕ್ಕಳು ಹೇಗೆ ಉಳಿದರು?

ಶಿಶುವೈದ್ಯ, ಮಂಗಳೂರು

ಅಜ್ಜೀ, ಬಿಸಿಲಿನ ವಿಷಯದಲ್ಲಿ ನೀವು ಕಂಡದ್ದು ಸುಳ್ಳಲ್ಲ. ಈಗ ಬಳಸುವ ನೀಲಿ ಬೆಳಕಿನ ಚಿಕಿತ್ಸೆ ಹುಟ್ಟಿದ್ದೇ ಬಿಸಿಲಿನಿಂದ. 1956ರಲ್ಲಿ ಇಂಗ್ಲೆಂಡಿನ ರಾಚ್‌ಫರ್ಡ್ ಎಂಬಲ್ಲಿನ ಆಸ್ಪತ್ರೆಯಲ್ಲಿ ಒಬ್ಬ ದಾದಿ ಮಕ್ಕಳನ್ನು ಅಂಗಳದ ಬಿಸಿಲಿಗೆ ಒಯ್ಯುತ್ತಿದ್ದರು. ಒಂದು ಮಗುವಿನ ಮೈಯಲ್ಲಿ ಬಟ್ಟೆ ಮುಚ್ಚಿದ್ದ ಭಾಗ ಮಾತ್ರ ಹಳದಿಯಾಗಿಯೇ ಉಳಿದದ್ದನ್ನು ಅವರು ಡಾಕ್ಟರಿಗೆ ತೋರಿಸಿದರು. ಅಲ್ಲಿಂದ ಸಂಶೋಧನೆ ಬೆಳೆದು 1958ರಲ್ಲಿ ಪ್ರಕಟವಾಯಿತು. ಬೆಳಕು ತಾಗಿದಾಗ ಚರ್ಮದಲ್ಲಿರುವ ಬಿಲಿರುಬಿನ್ ರೂಪ ಬದಲಿಸಿ ಮಲಮೂತ್ರದಲ್ಲಿ ಹೊರಹೋಗುತ್ತದೆ. ಆದರೆ ಹದವಾಗಿ ಹಳದಿಯಾದ ಮಗು ಬಿಸಿಲಿಲ್ಲದೆಯೂ ವಾಸಿಯಾಗುತ್ತದೆ, ಹೆಚ್ಚು ಹಳದಿಯಾದ ಮಗುವಿಗೆ ಎಳೆಬಿಸಿಲು ಸಾಲದು. ಯಾವುದು ಹದ, ಯಾವುದು ಹೆಚ್ಚು ಎಂಬುದನ್ನು ರಕ್ತವೇ ಹೇಳಬೇಕು. ಬಿಸಿಲಿಗೆ ಹಿಡಿದೆವಲ್ಲ ಎಂಬ ಸಮಾಧಾನದಲ್ಲಿ ಎರಡು ದಿನ ಕಳೆಯುತ್ತವೆ. ನನ್ನ ಭಯ ಅದೊಂದೇ.

ನಿವೃತ್ತ ಸಿಸ್ಟರ್

ಅಜ್ಜೀ, ಮೀಯಿಸುವುದು ತಪ್ಪಲ್ಲ. ಮೊದಲ 24 ಗಂಟೆ ಮಾತ್ರ ಬೇಡ. ಮಗು ಹುಟ್ಟಿದ ಕೂಡಲೇ ತಣ್ಣಗಾಗಿಬಿಡುತ್ತದೆ, ತಣ್ಣಗಾದ ಮಗು ಹಾಲು ಕುಡಿಯುವುದಿಲ್ಲ. ತೂಕ ಕಡಿಮೆಯಿದ್ದರೆ ಇನ್ನೂ ಕಾಯಬೇಕು. ಎಣ್ಣೆಯನ್ನು ಮೆಲ್ಲನೆ ಹಚ್ಚಿ, ಮೂಗಿಗೂ ಕಿವಿಗೂ ಬಿಡಬೇಡಿ. ಬಜೆ, ಜೇನುತುಪ್ಪ ಮಾತ್ರ ಖಂಡಿತ ಬೇಡ. ಜೇನಿನಲ್ಲಿರಬಹುದಾದ ಒಂದು ಬಗೆಯ ರೋಗಾಣು ಒಂದು ವರ್ಷದೊಳಗಿನ ಮಗುವಿನ ಕರುಳಿನಲ್ಲಿ ವಿಷ ಬಿಡಬಲ್ಲದು. ಆರು ತಿಂಗಳು ತಾಯಿಯ ಹಾಲೊಂದೇ ಸಾಕು, ನೀರೂ ಬೇಡ.

ಆದರೆ ನಿಮ್ಮಿಂದ ನಾವು ಕಲಿಯಬೇಕಾದದ್ದೂ ಇದೆ. ಪುರುಡು ಎಂದು ಹಿಂದೆ ಹತ್ತು ಹನ್ನೊಂದು ದಿನ ಹೊರಗಿನವರು ಯಾರೂ ಮಗುವನ್ನು ಮುಟ್ಟುತ್ತಿರಲಿಲ್ಲ. ಅದರ ಕಾರಣ ಏನೇ ಇರಲಿ, ಎಳೆಯ ಮೈಗೆ ಹತ್ತು ಕೈಗಳ ಸೋಂಕು ತಪ್ಪುತ್ತಿತ್ತು. ಈಗ ಹೆರಿಗೆಯಾದ ಸಂಜೆಯೇ ಜೀಪು ತುಂಬ ನೆಂಟರು ವಾರ್ಡಿಗೆ ಬರುತ್ತಾರೆ, ಮಗು ಕೈಯಿಂದ ಕೈಗೆ ಹೋಗುತ್ತದೆ, ಕೆನ್ನೆಗೆ ಮುತ್ತಿಡುತ್ತಾರೆ, ಫೋಟೋ ತೆಗೆಯುತ್ತಾರೆ. ಕೈ ತೊಳೆಯಿರಿ ಎಂದರೆ ಮುಖ ಸಿಂಡರಿಸುತ್ತಾರೆ. ನೀವು ಬಾಗಿಲಲ್ಲಿ ಕುಳಿತು ಗದರಿದರೆ ನಮ್ಮ ಮಾತಿಗಿಂತ ಹೆಚ್ಚು ನಡೆಯುತ್ತದೆ.

ಬದಿಯಡ್ಕದ ಅಜ್ಜಿ

ಗದರುವ ಕೆಲಸವನ್ನು ನನಗೆ ಬಿಡಿ. ಬಜೆಯನ್ನು ಬಿಡುವುದು ಕಷ್ಟ, ಆದರೂ ಬಿಡುತ್ತೇನೆ.

ಶಾರ್ಜಾದಲ್ಲಿರುವ ತಂದೆ

ಮಗು ಹುಟ್ಟಿ ಒಂಬತ್ತು ದಿನವಾಯಿತು. ಮನೆ ಉಪ್ಪಳದಲ್ಲಿ. ನಾನು ದಿನಕ್ಕೆ ನಾಲ್ಕು ಬಾರಿ ವಿಡಿಯೊ ಕರೆ ಮಾಡಿ ಮಗುವನ್ನು ನೋಡುತ್ತೇನೆ. ಈ ಚರ್ಚೆ ಓದಿದ ಮೇಲೆ ಮಗು ಹಳದಿಯಾಗಿಯೇ ಕಾಣುತ್ತಿದೆ. ಇಲ್ಲಿಂದ ನಾನು ಏನು ಮಾಡಲಿ?

ಶಿಶುವೈದ್ಯ, ಮಂಗಳೂರು

ಮೊಬೈಲಿನ ಬಣ್ಣವನ್ನು ನಂಬಬೇಡಿ. ಕ್ಯಾಮೆರಾ ಬೆಳಕಿಗೆ ತಕ್ಕಂತೆ ಬಣ್ಣವನ್ನು ತಾನೇ ತಿದ್ದಿಕೊಳ್ಳುತ್ತದೆ. ಕೋಣೆಯ ದೀಪ ಹಳದಿಯಾಗಿದ್ದರೆ ಯಾವ ಮಗುವೂ ಹಳದಿ. ಮನೆಯವರು ಮಗುವನ್ನು ಹಗಲು ಬೆಳಕಿಗೆ ತಂದು, ಹಣೆ, ಎದೆ, ಅಂಗಾಲುಗಳನ್ನು ಬೆರಳಿನಿಂದ ಒತ್ತಿ ಬಿಟ್ಟು ನೋಡಲಿ. ಅಂಗೈ ಅಂಗಾಲು ಹಳದಿಯಾಗಿದ್ದರೆ ಇಂದೇ ಹೋಗಬೇಕು. ಹುಟ್ಟಿದ ಮೊದಲ ದಿನವೇ ಹಳದಿ ಕಂಡರೆ, ಅಥವಾ ಎರಡು ವಾರ ಕಳೆದರೂ ಹೋಗದಿದ್ದರೆ, ಆಗಲೂ ತೋರಿಸಬೇಕು. ಹೇಲು ಸುಣ್ಣದಂತೆ ಬೆಳ್ಳಗಿದ್ದರೆ ಒಂದು ದಿನವೂ ಕಾಯಬಾರದು. ಅದು ಪಿತ್ತನಾಳ ಮುಚ್ಚಿರುವ ಗುರುತಾಗಿರಬಹುದು, ಅದರ ಶಸ್ತ್ರಚಿಕಿತ್ಸೆ ಎರಡು ತಿಂಗಳೊಳಗೆ ಆದರೆ ಫಲ ಹೆಚ್ಚು.

ವಿಡಿಯೊದಲ್ಲಿ ನೀವು ನೋಡಬಹುದಾದದ್ದು ಉಸಿರು. ಮಲಗಿರುವ ಮಗುವಿನ ಹೊಟ್ಟೆಯ ಏರಿಳಿತವನ್ನು ಪೂರ್ತಿ ಒಂದು ನಿಮಿಷ ಎಣಿಸಿ. 60 ಅಥವಾ ಹೆಚ್ಚಿದ್ದರೆ ಇನ್ನೊಮ್ಮೆ ಎಣಿಸಿ, ಆಗಲೂ ಅಷ್ಟೇ ಇದ್ದರೆ ಕೂಡಲೇ ಆಸ್ಪತ್ರೆ. ದಿನಕ್ಕೆ ಎಷ್ಟು ಬಟ್ಟೆ ಒದ್ದೆಯಾಯಿತು ಎಂದು ಕೇಳಿ. ಈ ವಯಸ್ಸಿಗೆ ಆರಕ್ಕಿಂತ ಕಡಿಮೆ ಇರಬಾರದು.

ಶಾರ್ಜಾದಲ್ಲಿರುವ ತಂದೆ

ಎಣಿಸಿದೆ, 44. ಒದ್ದೆ ಬಟ್ಟೆ ಎಂಟು. ಅಂಗಾಲು ಕೆಂಪಗಿದೆ ಎಂದು ಉಮ್ಮ ಹೇಳಿದರು. ದೇವರು ನಿಮ್ಮನ್ನು ಚೆನ್ನಾಗಿಟ್ಟಿರಲಿ.

ಮಂಜೇಶ್ವರದ ತಂದೆ

ನನ್ನ ಮಗಳು 31ನೇ ವಾರದಲ್ಲಿ ಹುಟ್ಟಿದವಳು. 1.4 ಕಿಲೋ. ಹೆಂಡತಿಗೆ ನೋವು ಶುರುವಾದಾಗ ಹತ್ತಿರದ ಒಂದು ಖಾಸಗಿ ಆಸ್ಪತ್ರೆಗೆ ಹೋದೆವು. ಅಲ್ಲಿ ಅರ್ಧ ದಿನ ಇಟ್ಟುಕೊಂಡು, ಹೆರಿಗೆ ಮಾಡಿಸಿ, ಆಮೇಲೆ ‘ಇಲ್ಲಿ ಆಗುವುದಿಲ್ಲ, ಮಂಗಳೂರಿಗೆ ಒಯ್ಯಿರಿ’ ಎಂದರು. ಒಂದು ಹಸಿರು ಬಟ್ಟೆಯಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟರು. ಆಂಬುಲೆನ್ಸಿನಲ್ಲಿ ಎಸಿ ಹಾಕಿದ್ದರು. ಹೆದ್ದಾರಿ ಕಾಮಗಾರಿಯ ನಡುವೆ, ತಲಪಾಡಿ ದಾಟಿ, ಮಂಗಳೂರು ಮುಟ್ಟುವಾಗ ಮಗು ಮಂಜುಗಡ್ಡೆಯ ಹಾಗೆ ತಣ್ಣಗಾಗಿತ್ತು. ‘ಇನ್ನು ಸ್ವಲ್ಪ ತಡವಾಗಿದ್ದರೆ’ ಎಂದು ಅಲ್ಲಿನ ಡಾಕ್ಟರು ಮಾತು ನಿಲ್ಲಿಸಿದರು. ಮಗಳು ಈಗ ಬಾಲವಾಡಿಗೆ ಹೋಗುತ್ತಾಳೆ. ನನಗೆ ಇಂದಿಗೂ ಉತ್ತರ ಸಿಗದ ಪ್ರಶ್ನೆ ಒಂದೇ: ಆ ದಾರಿಯುದ್ದಕ್ಕೂ ನಾನು ಏನು ಮಾಡಬೇಕಿತ್ತು?

ಗಡಿಯವರಾದ ನಮಗೆ ಇನ್ನೊಂದು ಭಯವೂ ಇದೆ. 2020ರ ಮಾರ್ಚ್ ಕೊನೆಯಲ್ಲಿ, ಕೊರೊನಾ ಕಾಲಕ್ಕೆ, ಕರ್ನಾಟಕದವರು ಗಡಿಯ ತಲಪಾಡಿಯಲ್ಲಿ ದಾರಿ ಮುಚ್ಚಿದಾಗ ಕಾಸರಗೋಡಿನ ರೋಗಿಗಳು ಅಲ್ಲೇ ನಿಂತರು. ವಿಷಯ ಕೇರಳ ಹೈಕೋರ್ಟಿಗೆ, ಸುಪ್ರೀಂ ಕೋರ್ಟಿಗೆ ಹೋಯಿತು. ನಮ್ಮ ಮಕ್ಕಳ ಉಸಿರು ಇನ್ನೊಂದು ರಾಜ್ಯದ ಗೇಟಿನ ಮೇಲೆ ನಿಂತಿದೆ ಎಂದು ಆಗ ತಿಳಿಯಿತು. ನಮ್ಮ ಜಿಲ್ಲೆಯ ಉಕ್ಕಿನಡ್ಕದ ವೈದ್ಯಕೀಯ ಕಾಲೇಜಿಗೆ 2013ರಲ್ಲಿ ಅಡಿಗಲ್ಲು ಹಾಕಿದ್ದಾರೆ. ಎಳೆಯ ಮಕ್ಕಳ ತೀವ್ರ ನಿಗಾ ಘಟಕ ಈ ಜಿಲ್ಲೆಯ ಬಡಗು ತುದಿಗೆ ಎಷ್ಟು ಬೇಕೆಂಬುದನ್ನು ನಾವು ಗಟ್ಟಿಯಾಗಿ ಕೇಳುತ್ತಲೇ ಇರಬೇಕು.

ಶಿಶುವೈದ್ಯ, ಮಂಗಳೂರು

ನಿಮ್ಮ ಪ್ರಶ್ನೆಗೆ ಉತ್ತರ ಇದೆ, ಮತ್ತು ಅದನ್ನು ಅಂದೇ ಯಾರಾದರೂ ನಿಮಗೆ ಹೇಳಬೇಕಿತ್ತು. ಅಂಗಿ ಬಿಚ್ಚಿ, ಮಗುವಿಗೆ ಡಯಾಪರ್, ಟೊಪ್ಪಿ, ಕಾಲುಚೀಲ ಮಾತ್ರ ಬಿಟ್ಟು, ನಿಮ್ಮ ಬರಿ ಎದೆಗೆ ಅದರ ಎದೆ ತಾಗುವಂತೆ ನೆಟ್ಟಗೆ ಒರಗಿಸಿಕೊಂಡು, ಮುಖ ಒಂದು ಬದಿಗೆ ತಿರುಗಿಸಿ, ಮೇಲಿನಿಂದ ಹೊದಿಕೆ ಕಟ್ಟಿಕೊಳ್ಳಬೇಕಿತ್ತು. ಎಸಿ ನಿಲ್ಲಿಸಬೇಕಿತ್ತು. ಅಪ್ಪನ ಎದೆಯೂ ಆಗುತ್ತದೆ, ಅಜ್ಜಿಯ ಎದೆಯೂ ಆಗುತ್ತದೆ. ಇದಕ್ಕೆ ಕಾಂಗರೂ ಆರೈಕೆ ಎನ್ನುತ್ತಾರೆ. 1978ರಲ್ಲಿ ಕೊಲಂಬಿಯಾದ ಬೊಗೋಟಾದಲ್ಲಿ ಶುರುವಾಯಿತು. ಬಹುಕಾಲ, ಮಗು ಸುಧಾರಿಸಿದ ಮೇಲೆ ಮಾತ್ರ ಎದೆಗೆ ಕೊಡುವುದು ಎಂದು ನಾವೂ ನಂಬಿದ್ದೆವು. ವಿಶ್ವ ಆರೋಗ್ಯ ಸಂಸ್ಥೆ ಐದು ದೇಶಗಳಲ್ಲಿ ನಡೆಸಿದ ಅಧ್ಯಯನ 2021ರಲ್ಲಿ ಹೊರಬಂತು. ದೆಹಲಿಯ ಸಫ್ದರ್‌ಜಂಗ್ ಆಸ್ಪತ್ರೆಯೂ ಅದರಲ್ಲಿತ್ತು. ಹುಟ್ಟಿದ ಕೂಡಲೇ ಎದೆಗವಚಿಕೊಂಡ ಕಡಿಮೆ ತೂಕದ ಮಕ್ಕಳಲ್ಲಿ ಸಾವು ನಾಲ್ಕರಲ್ಲಿ ಒಂದು ಪಾಲು ಇಳಿದಿತ್ತು.

ಎಲ್ಲಕ್ಕಿಂತ ಒಳ್ಳೆಯ ಇನ್‌ಕ್ಯುಬೇಟರ್ ತಾಯಿಯ ಗರ್ಭ. ಅವಧಿಗೆ ಮುಂಚೆ ನೋವು ಬಂದರೆ, ಸಮಯವಿದ್ದರೆ, ಮಗು ಹೊಟ್ಟೆಯೊಳಗಿರುವಾಗಲೇ ದೊಡ್ಡ ಆಸ್ಪತ್ರೆಗೆ ಸೇರಬೇಕು. 34 ವಾರದೊಳಗಿನ ಹೆರಿಗೆ ಎಂದು ಕಂಡರೆ ತಾಯಿಗೆ ಕೊಡುವ ಸ್ಟೀರಾಯ್ಡ್ ಚುಚ್ಚುಮದ್ದು ಮಗುವಿನ ಶ್ವಾಸಕೋಶವನ್ನು ಬಲಿಸುತ್ತದೆ. ‘ಆ ಇಂಜೆಕ್ಷನ್ ಕೊಟ್ಟಿರಾ’ ಎಂದು ಕೇಳಿ. ಹೊರಡುವ ಮೊದಲು ಎದುರಿನ ಆಸ್ಪತ್ರೆಗೆ ಫೋನ್ ಹೋಗಿದೆಯೇ ಎಂದೂ ಕೇಳಿ. ಮಂಚ ಖಾಲಿಯಿಲ್ಲವೆಂದು ಮೂರು ಬಾಗಿಲು ಅಲೆದು ಬಂದ ಮಕ್ಕಳನ್ನು ನಾನು ನೋಡಿದ್ದೇನೆ.

ಹೊಸದುರ್ಗದ ಕಡೆಯವನು

ನಾನೂ ಇದೇ ಕಾಸರಗೋಡು ಜಿಲ್ಲೆಯವನು, ಒಂದು ಮಾತು ಹೇಳಲೇಬೇಕು. 2020ರ ಸರ್ಕಾರಿ ಲೆಕ್ಕದಲ್ಲಿ ಸಾವಿರ ಜನನಕ್ಕೆ ಒಂದು ವರ್ಷದೊಳಗೆ ಸಾಯುವ ಮಕ್ಕಳು ಭಾರತದಲ್ಲಿ 28, ಕರ್ನಾಟಕದಲ್ಲಿ 19, ಕೇರಳದಲ್ಲಿ 6. ಇಂಥ ಕಡೆ ಇದ್ದುಕೊಂಡು ಆಸ್ಪತ್ರೆಯನ್ನು ದೂರುವುದು ಸರಿಯೇ? ಕೇರಳದಲ್ಲಿ ಬಾಳುವವರು ಮಲಯಾಳ ಕಲಿತರೆ ಈ ತೊಡಕೇ ಇರುವುದಿಲ್ಲ. ನನ್ನ ಮನೆಮಾತೂ ಕನ್ನಡವೇ, ನಾನು ಕಲಿತಿದ್ದೇನೆ.

ಪೆರ್ಲದ ಅಕ್ಕ

ಅಣ್ಣಾ, ಆ 6 ಎಂಬ ಸಂಖ್ಯೆಯ ಬಗ್ಗೆ ನನಗೂ ಅಭಿಮಾನ ಇದೆ. ನಮ್ಮ ಮಗುವಿನ ಎದೆಯ ಮೇಲೆ ಬೆರಳೊತ್ತಿ ನೋಡಿದ ಸಿಸ್ಟರ್ ಇದ್ದುದು ಆ ವ್ಯವಸ್ಥೆಯಿಂದಲೇ. ಅವರು ರೋಗವನ್ನು ಹಿಡಿದರು, ಮರಳಿ ಬರುವ ದಿನವನ್ನು ಬರೆದರು. ಎಲ್ಲವೂ ನಡೆಯಿತು, ಕೊನೆಯ ಒಂದು ಗೇಣು ಮಾತ್ರ ದಾಟಲಿಲ್ಲ. ಆ ಒಂದು ಗೇಣಿನ ಬಗ್ಗೆ ಮಾತ್ರ ನಾನು ಕೇಳುತ್ತಿದ್ದೇನೆ. ಕಲಿಯಬೇಕು ಎಂಬುದು ಸರಿ, ತಂಗಿಯ ಮಗ ಕಲಿಯುತ್ತಾನೆ. ಆದರೆ ಅರುವತ್ತು ದಾಟಿದ ಅಮ್ಮ ಹೆರಿಗೆಯ ರಾತ್ರಿ ಕಲಿಯಲಾರರು. ವಿಟ್ಲ, ಪುತ್ತೂರು, ಸುಳ್ಯದಿಂದ ಮದುವೆಯಾಗಿ ಬಂದ ಸೊಸೆಯಂದಿರಿಗೂ ಒಂದು ವರ್ಷದಲ್ಲಿ ಬಾರದು.

ಹೊಸದುರ್ಗದ ಕಡೆಯವನು

ಸರಿ ಅಕ್ಕಾ. ಹಾಳೆ ಬರೆಯುವುದಾದರೆ ಪಕ್ಕದಲ್ಲೇ ಮಲಯಾಳವನ್ನೂ ಬರೆದುಕೊಡುತ್ತೇನೆ. ಎರಡೂ ಒಂದೇ ಹಾಳೆಯಲ್ಲಿದ್ದರೆ ಸಿಸ್ಟರಿಗೂ ಬೆರಳಿಟ್ಟು ತೋರಿಸಲು ಸುಲಭ.

ಆಶಾ ಕಾರ್ಯಕರ್ತೆ, ಎಣ್ಮಕಜೆ

ಅಕ್ಕನ ಬರಹ ಓದಿ ರಾತ್ರಿ ನಿದ್ದೆ ಬರಲಿಲ್ಲ. ಆಸ್ಪತ್ರೆಯಲ್ಲಿ ಹೆರಿಗೆಯಾದರೆ ಮೂರನೆಯ, ಏಳನೆಯ, 14, 21, 28 ಮತ್ತು 42ನೇ ದಿನ ನಾವು ಮನೆಗೆ ಹೋಗಿ ಮಗುವಿನ ತೂಕ, ಮೈಯ ಬಿಸಿ, ಹೊಕ್ಕುಳು, ಉಸಿರು ನೋಡಬೇಕು. ಆ ಮನೆಗೆ ಮೂರನೆಯ ದಿನ ಆಶಾ ಹೋಗಿದ್ದರೆ ಹಳದಿ ಕಾಣುತ್ತಿತ್ತು. ಏಕೆ ಹೋಗಲಿಲ್ಲ ಎಂಬುದು ನನಗೆ ಗೊತ್ತು. ನಿಮ್ಮ ತಂಗಿಯ ಹೆಸರು ಗಂಡನ ಮನೆಯ ಊರಿನ ಪಟ್ಟಿಯಲ್ಲಿದೆ, ತಾಯಿ ಕಾರ್ಡು ಕರ್ನಾಟಕದ್ದು. ಅಲ್ಲಿನ ಆಶಾ, ಹೆಂಗಸು ತವರಿಗೆ ಹೋದಳೆಂದು ಬಿಡುತ್ತಾಳೆ. ಇಲ್ಲಿನವಳಿಗೆ ಅವಳು ಬಂದದ್ದೇ ತಿಳಿಯುವುದಿಲ್ಲ. ತವರಿನ ಹೆರಿಗೆ ನಮ್ಮಲ್ಲಿ ಎಲ್ಲ ಜಾತಿಯವರಲ್ಲೂ ಇದೆ, ಪಟ್ಟಿಯಲ್ಲಿ ಮಾತ್ರ ಅದಕ್ಕೆ ಜಾಗವಿಲ್ಲ. ಮಗಳು ಬಸುರಿಯಾಗಿ ಮನೆಗೆ ಬಂದ ವಾರವೇ ಪಂಚಾಯತ್ ವಾರ್ಡಿನ ಆಶಾಗೋ ಉಪಕೇಂದ್ರದ ಜೆಪಿಎಚ್‌ಎನ್ (ಊರಿನ ಆರೋಗ್ಯ ನೋಡುವ ಕಿರಿಯ ದಾದಿ) ಸಿಸ್ಟರಿಗೋ ಒಂದು ಫೋನ್ ಮಾಡಿ. ನಿಮ್ಮನ್ನು ಕೈಮುಗಿದು ಕೇಳಿಕೊಳ್ಳುತ್ತೇನೆ.

ಇನ್ನೊಂದು ವಿಷಯವನ್ನು ಬರೆಯುವಾಗ ಕೈ ನಡುಗುತ್ತದೆ. ನಮ್ಮ ಗೇರುತೋಟಗಳ ಮೇಲೆ ಎರಡು ದಶಕಗಳಷ್ಟು ಕಾಲ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದರು. ಪಡ್ರೆಯ ವೈದ್ಯ ಡಾ. ವೈ. ಎಸ್. ಮೋಹನಕುಮಾರರು ಮಕ್ಕಳ ಸ್ಥಿತಿ ಕಂಡು ಮೊದಲು ದನಿಯೆತ್ತಿದರು. ಸುಪ್ರೀಂ ಕೋರ್ಟು 2011ರಲ್ಲಿ ಅದನ್ನು ತಡೆಯಿತು, 2017ರಲ್ಲಿ ಸಂತ್ರಸ್ತರಿಗೆ ಐದು ಲಕ್ಷ ರೂಪಾಯಿ ಕೊಡಲು ಹೇಳಿತು. ಸಿಂಪಡಣೆ ನಿಂತು ಬಹಳ ವರ್ಷಗಳಾದರೂ ನಮ್ಮ ಪಂಚಾಯತಿನಲ್ಲಿ ಪ್ರತಿ ಬಸುರಿಯೂ ಸ್ಕ್ಯಾನಿಂಗಿಗೆ ಹೋಗುವ ದಿನ ನನ್ನ ಕೈ ಹಿಡಿದುಕೊಳ್ಳುತ್ತಾಳೆ. ಕೆಲವು ಮನೆಯವರು ಮಗುವಿನಲ್ಲಿ ಏನಾದರೂ ಕಂಡರೆ ಊರಿಗೆ ಹೆದರಿ ಮುಚ್ಚಿಡುತ್ತಾರೆ. ಮುಚ್ಚಿಡಬೇಡಿ. ಹೃದಯದ ತೊಂದರೆಯಿದ್ದರೆ ಹೃದ್ಯಂ ಯೋಜನೆಯಲ್ಲಿ ಹೆಸರು ಬರೆಸಿ ಉಚಿತವಾಗಿ ಶಸ್ತ್ರಚಿಕಿತ್ಸೆ ಮಾಡಿಸಬಹುದು. ಬೇಗ ತಿಳಿದಷ್ಟೂ ಒಳ್ಳೆಯದು.

ನಿವೃತ್ತ ಮಾಸ್ತರ್, ಕುಂಬಳೆ

ಕಾನೂನಿನ ಕಡೆಯಿಂದ ಎರಡು ಮಾತು. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆ ಇಲ್ಲಿನ ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರಿಗೆ ಸರ್ಕಾರದೊಂದಿಗೆ ತಮ್ಮ ಭಾಷೆಯಲ್ಲಿ ಪತ್ರ ವ್ಯವಹಾರ ನಡೆಸುವ ಹಕ್ಕು ಕೊಟ್ಟಿದೆ. ನಮ್ಮ ಕೇಳಿಕೆ ಭಿಕ್ಷೆಯಲ್ಲ. ಆಸ್ಪತ್ರೆಯ ಅಧೀಕ್ಷಕರಿಗೂ ಜಿಲ್ಲಾ ವೈದ್ಯಾಧಿಕಾರಿಗೂ ಕನ್ನಡದಲ್ಲೇ ಮನವಿ ಬರೆಯುತ್ತೇನೆ. ಸೇರಿಸುವಾಗಲೇ ತಾಯಿಯ ಭಾಷೆ ಯಾವುದೆಂದು ಕೇಳಿ ಕೇಸ್ ಶೀಟಿನ ಮೇಲೆ ಬರೆಯಬೇಕು. ವಾರ್ಡಿನ ಗೋಡೆಯಲ್ಲಿ ಅಪಾಯದ ಗುರುತುಗಳು ಚಿತ್ರದೊಂದಿಗೆ ಕನ್ನಡದಲ್ಲೂ ಇರಬೇಕು. ಡಿಸ್ಚಾರ್ಜ್ ಚೀಟಿಗೆ ನಮ್ಮ ಹಾಳೆಯನ್ನು ಪಿನ್ ಮಾಡಬೇಕು. ಹಾಳೆಯ ಒಕ್ಕಣೆಯನ್ನು ಡಾಕ್ಟರು ಕೊಡಲಿ, ನಾನು ತಿದ್ದುತ್ತೇನೆ.

ಶಿಶುವೈದ್ಯ, ಮಂಗಳೂರು

ಬರೆದಿದ್ದೇನೆ. ‘ಸ್ತನಪಾನದಲ್ಲಿ ನಿರಾಸಕ್ತಿ, ಅತಿಯಾದ ಆಲಸ್ಯ, ತ್ವರಿತ ಶ್ವಾಸೋಚ್ಛ್ವಾಸ, ವಕ್ಷದ ಒಳಸೆಳೆತ, ಅಪಸ್ಮಾರ, ಜ್ವರ ಅಥವಾ ದೇಹದ ಶೀತಲತೆ, ಹೊಕ್ಕುಳಿನ ಸೋಂಕು, ಅಂಗೈ ಅಂಗಾಲುಗಳಲ್ಲಿ ಕಾಮಾಲೆ, ಇವುಗಳಲ್ಲಿ ಒಂದು ಕಂಡುಬಂದರೂ ತಕ್ಷಣ ಆಸ್ಪತ್ರೆಗೆ ಬರತಕ್ಕದ್ದು.’

ಬದಿಯಡ್ಕದ ಅಜ್ಜಿ

ಮೊಮ್ಮಗಳು ಎರಡು ಸಲ ಓದಿದಳು. ಡಾಕ್ಟರೇ, ಇದು ಕನ್ನಡವೇ ಇರಬಹುದು, ಆದರೆ ನನಗೆ ಮಲಯಾಳದಷ್ಟೇ ದೂರ.

ನಿವೃತ್ತ ಮಾಸ್ತರ್, ಕುಂಬಳೆ

ಅಜ್ಜಿ ಹೇಳಿದ್ದು ಸರಿ. ನಾನೂ ಇದಕ್ಕೆ ಕಾಗುಣಿತ ಮಾತ್ರ ನೋಡಲು ಹೊರಟಿದ್ದೆ. ಒಂದೊಂದನ್ನೂ ಮನೆಯಲ್ಲಿ ಹೇಗೆ ಹೇಳುತ್ತೇವೋ ಹಾಗೆ ಬರೆಯೋಣ. ಎಲ್ಲರೂ ಹೇಳಿ.

ಆಶಾ ಕಾರ್ಯಕರ್ತೆ, ಎಣ್ಮಕಜೆ

ವಕ್ಷದ ಒಳಸೆಳೆತ ಎಂದರೆ ಯಾರಿಗೂ ತಿಳಿಯದು. ‘ಉಸಿರೆಳೆಯುವಾಗ ಎದೆಯ ಕೆಳಗೆ ಗುಂಡಿ ಬೀಳುತ್ತದೆ’ ಎಂದು ನಾನು ಹೇಳುತ್ತೇನೆ, ಎಲ್ಲರೂ ಅಂಗಿ ಎತ್ತಿ ನೋಡುತ್ತಾರೆ. ಅಪಸ್ಮಾರಕ್ಕೆ ‘ಫಿಟ್ಸ್, ಕೈಕಾಲು ಸೆಟೆಯುವುದು’ ಎಂದಿರಲಿ. ತಣ್ಣಗಾಗಿದೆಯೇ ಎಂದು ನೋಡಲು ಹಣೆಯನ್ನಲ್ಲ, ಹೊಟ್ಟೆಯನ್ನೂ ಪಾದವನ್ನೂ ಮುಟ್ಟಬೇಕೆಂದು ಸೇರಿಸಿ.

ನಿವೃತ್ತ ಸಿಸ್ಟರ್

ಹೊಕ್ಕುಳಿಗೆ ಏನನ್ನೂ ಹಚ್ಚಬಾರದು, ಬೂದಿ, ಎಣ್ಣೆ, ಪೌಡರ್ ಯಾವುದೂ ಬೇಡ ಎಂಬುದು ಇರಲಿ. ‘ಹೊಕ್ಕುಳ ಸುತ್ತ ಕೆಂಪಗಾಗುವುದು, ಕೀವು ಬರುವುದು.’ ಕೊನೆಯಲ್ಲಿ ಆಂಬುಲೆನ್ಸಿಗೆ 108, ಸಲಹೆಗೆ ಸರ್ಕಾರಿ ಆರೋಗ್ಯ ಸಹಾಯವಾಣಿ ದಿಶಾದ 1056 ದೊಡ್ಡ ಅಂಕಿಯಲ್ಲಿ. ಒಂದು ವರ್ಷದವರೆಗೆ ಮಗುವಿನ ಚಿಕಿತ್ಸೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ ಎಂಬುದನ್ನೂ ಹಾಕಿ. ಜೀಪಿನ ಬಾಡಿಗೆಗೆ, ಔಷಧದ ಖರ್ಚಿಗೆ ಹೆದರಿ ನಾಳೆ ನೋಡೋಣ ಎನ್ನುವವರೇ ಹೆಚ್ಚು.

ಪೆರ್ಲದ ಅಕ್ಕ

ಎಲ್ಲವನ್ನೂ ಸೇರಿಸಿ ಒಂದು ಹಾಳೆಗೆ ಇಳಿಸಿ, ನಿನ್ನೆ ತವರಿಗೆ ಹೋಗಿ ಅಮ್ಮನಿಗೆ ಓದಿದೆ. ‘ಅತಿಯಾದ ಆಲಸ್ಯ’ ಇದ್ದ ಕಡೆ ನಾನು ‘ಮಗು ತುಂಬಾ ನಿದ್ದೆ ಮಾಡುವುದು’ ಎಂದು ಬರೆದಿದ್ದೆ. ಅಮ್ಮ ತಡೆದರು. ‘ನಿದ್ದೆ ಮಾಡುವುದು ಎಂದರೆ ನಾವು ಖುಷಿಪಡುತ್ತೇವೆ. ಹಾಲಿನ ಹೊತ್ತಿಗೆ ಅಂಗಾಲು ತಿಕ್ಕಿದರೂ ಏಳುವುದಿಲ್ಲ ಎಂದು ಬರೆ’ ಎಂದರು. ಹಾಗೆಯೇ ಬರೆದೆ.

ಓದಲು ಬಾರದವರಿಗಾಗಿ ತುಳುವಿನಲ್ಲಿ ಮೊಬೈಲಿಗೆ ಹೇಳಿ ಕಳುಹಿಸಬೇಕೆಂದು ಆಶಾ ಅಕ್ಕ ಕೇಳಿದ್ದರು. ಅಮ್ಮನೇ ಹೇಳಿದರು, ಎರಡು ನಿಮಿಷ ಹತ್ತು ಸೆಕೆಂಡು. ನಡುವೆ ಮಗು ಅಳುವುದು ಕೇಳಿಸುತ್ತದೆ. ಮತ್ತೆ ಮಾಡೋಣವೇ ಎಂದೆ. ಬೇಡ, ಅಳು ಕೇಳಿಸಲಿ ಎಂದರು. ಮಗುವಿಗೆ ಈಗ 3.4 ಕಿಲೋ.

ಹಾಳೆಯಲ್ಲಿ ಒಂದು ಸಾಲು ಹೆಚ್ಚಿಗೆ ಇದೆ, ಅದು ಅಮ್ಮನದು: ‘ಸಿಸ್ಟರ್ ಹೇಳಿದ್ದು ತಿಳಿಯದಿದ್ದರೆ ತಲೆಯಾಡಿಸಬೇಡಿ, ಇನ್ನೊಮ್ಮೆ ಕೇಳಿ.’ ಮಾಸ್ತರರೇ, ಅದನ್ನು ಎಲ್ಲಕ್ಕಿಂತ ಮೇಲೆ ಹಾಕಿದ್ದೇನೆ. ಹೊಸದುರ್ಗದ ಅಣ್ಣ ಮಲಯಾಳವನ್ನು ಕಳುಹಿಸಿದ್ದಾರೆ. ನೂರು ಪ್ರತಿ ಜೆರಾಕ್ಸ್ ಆಗಿದೆ. ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಪೆರ್ಲದಿಂದ ಬಸ್ಸು ಹತ್ತುತ್ತೇನೆ, ನೀವು ಮನವಿಯೊಂದಿಗೆ ನೇರವಾಗಿ ಆಸ್ಪತ್ರೆಯ ಗೇಟಿಗೆ ಬನ್ನಿ. ಅಮ್ಮನೂ ಬರುತ್ತಾರೆ.